ದಾರಿ ಬೆಳೆಸಿದ ವಡೆ

ಊರಿನ ಹೆಸರು ಹೊತ್ತ ತಿಂಡಿಗೆ ಆ ಊರಿನ ನೆಲ, ನೀರು, ಬೆಳೆಯೇ ಕಾರಣ ಎಂದು ನಾವು ನಂಬುತ್ತೇವೆ. ಮದ್ದೂರು ವಡೆಗೆ ಈ ಮಾತು ಒಪ್ಪುವುದಿಲ್ಲ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು: ಇವುಗಳಲ್ಲಿ ಮದ್ದೂರಿನ ಶಿಂಷಾ ನದಿಯ ದಡದಲ್ಲಷ್ಟೇ ಸಿಗುವಂಥದ್ದು ಒಂದೂ ಇಲ್ಲ. ಆದರೂ ವಡೆ ಮದ್ದೂರಿನದೇ. ಅದನ್ನು ಈ ಊರಿಗೆ ಕೊಟ್ಟದ್ದು ಬೆಂಗಳೂರು–ಮೈಸೂರು ದಾರಿ. ಆ ದಾರಿಯೇ ಬದಲಾಗಿರುವ ಈಗ, ವಡೆ ಮಾಡುವ ಕ್ರಮದಷ್ಟೇ ಕಾಳಜಿಯಿಂದ ಇಲ್ಲಿ ಇಳಿದು, ಕೂತು ತಿನ್ನುವ ರೂಢಿಯನ್ನೂ ಉಳಿಸಿಕೊಳ್ಳಬೇಕು ಎಂಬುದು ನನ್ನ ವಾದ.

1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಎಂಬವರು, ರೈಲು ಬಂದೇಬಿಟ್ಟಿತೆಂದು ಪಕೋಡದ ಹಿಟ್ಟನ್ನೇ ಚಪ್ಪಟೆಯಾಗಿ ತಟ್ಟಿ ಕರಿದರು ಎಂಬುದು ಪ್ರಚಲಿತ ಕಥೆ. ಇಂಥ ಕಥೆಗಳನ್ನು ಹೇಗೆ ನಂಬುವುದು ಎನ್ನುವವರು ವಡೆಯನ್ನೇ ಪರೀಕ್ಷಿಸಿ ನೋಡಲಿ. ಉದ್ದಿನ ವಡೆಯಂತೆ ಇದಕ್ಕೆ ಬೇಳೆ ನೆನೆಸಿ ರುಬ್ಬುವ ಕೆಲಸವಿಲ್ಲ. ಒಣಹಿಟ್ಟಿಗೆ ಕಾದ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ, ಈರುಳ್ಳಿಯನ್ನು ಕೈಯಲ್ಲಿ ಹಿಸುಕಿ, ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸುತ್ತಾರೆ. ಅಂಗೈಯಗಲ ತಟ್ಟಿ ಹದವಾದ ಉರಿಯಲ್ಲಿ ನಿಧಾನವಾಗಿ ಕರಿಯುತ್ತಾರೆ. ಉರಿ ಜೋರಾದರೆ ಮೇಲೆಲ್ಲ ಕಪ್ಪಾಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಹದ ಸಿಕ್ಕರೆ ಅಂಚು ಗರಿಗರಿ, ನಡು ಮೆತ್ತಗೆ. ನೀರಿನಂಶ ಕಡಿಮೆಯಾದ್ದರಿಂದ ಬೇಗ ಕೆಡುವುದಿಲ್ಲ. ಚಟ್ನಿ ಇಲ್ಲದೆಯೂ ರುಚಿಸುತ್ತದೆ. ಕಾಗದದಲ್ಲಿ ಸುತ್ತಿ ಬೋಗಿಯ ಕಿಟಕಿಗೆ ನೀಡಬಹುದು. ಕೆಲವೇ ನಿಮಿಷ ನಿಂತು ಹೊರಡುವ ರೈಲಿಗೆ ಬೇಕಾದ ಗುಣಗಳೆಲ್ಲ ಇವೇ. ಕಥೆಯ ವಿವರ ಹೇಗೇ ಇರಲಿ, ವಡೆ ಹುಟ್ಟಿದ್ದು ಪ್ರಯಾಣಿಕರಿಗಾಗಿ ಎಂಬುದಕ್ಕೆ ಅದರ ರೂಪವೇ ಸಾಕ್ಷಿ.

ಮುಂದೆ ಕಾರು, ಬಸ್ಸು ಹೆಚ್ಚಿದಂತೆ ವಡೆ ಪ್ಲಾಟ್‌ಫಾರ್ಮಿನಿಂದ ಹೆದ್ದಾರಿಗೆ ಬಂತು. ಮದ್ದೂರು ಟಿಫಾನೀಸ್‌ನಂಥ ಹೋಟೆಲುಗಳಲ್ಲಿ ಅದಕ್ಕೆ ತಟ್ಟೆ, ಕಾಯಿಚಟ್ನಿ, ಬಿಸಿ ಕಾಫಿಯ ಜೊತೆ ಸಿಕ್ಕಿತು. ಇಂದು ಬೆಂಗಳೂರಿನ ಬೇಕರಿಗಳಲ್ಲೂ ವಡೆ ಸಿಗುವಾಗ ಮದ್ದೂರಿನಲ್ಲೇ ತಿನ್ನಬೇಕೆಂಬ ಹಟವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದೇ ಪ್ರಶ್ನೆಯನ್ನು ಲೆಬನಾನ್ ಬೇರೆ ರೀತಿಯಲ್ಲಿ ಎದುರಿಸಿದೆ. ಬೇಯಿಸಿದ ಕಡಲೆಕಾಳನ್ನು ಎಳ್ಳಿನ ಪೇಸ್ಟ್, ನಿಂಬೆರಸದೊಂದಿಗೆ ಅರೆದು ಮಾಡುವ ಹಮ್ಮಸ್ ತಮ್ಮದೆಂದು ಸಾರಲು ಆ ದೇಶದವರು 2010ರಲ್ಲಿ 10,452 ಕಿಲೋ ಹಮ್ಮಸ್ ಮಾಡಿ ಗಿನ್ನೆಸ್ ದಾಖಲೆ ಬರೆದರು. ಆ ಸಂಖ್ಯೆ ಅವರ ದೇಶದ ವಿಸ್ತೀರ್ಣದ ಚದರ ಕಿಲೋಮೀಟರುಗಳದ್ದು. ಆದರೂ ಸಿರಿಯಾ, ಪ್ಯಾಲೆಸ್ಟೀನ್‌ಗಳ ಮನೆಗಳಲ್ಲೂ ಹಮ್ಮಸ್ ಇದ್ದೇ ಇದೆ. ಹೆಚ್ಚು ಗಟ್ಟಿಯಾದ ಹಕ್ಕು ಅದೇ ದೇಶದ ಜಹ್ಲೆ ಪಟ್ಟಣದ್ದು. ಅಲ್ಲಿ ಬರ್ದೌನಿ ಹೊಳೆಯ ದಡದ ಹೋಟೆಲುಗಳಲ್ಲಿ ಹಮ್ಮಸ್, ತಬ್ಬೂಲೆ, ಕಿಬ್ಬೆಗಳನ್ನು ಸಣ್ಣ ತಟ್ಟೆಗಳಲ್ಲಿ ಹರಡಿಕೊಂಡು ಜನ ಹಂಚಿ ತಿನ್ನುತ್ತಾರೆ. 2013ರಲ್ಲಿ ಯುನೆಸ್ಕೊ ಆ ಊರನ್ನು ಪಾಕಕಲೆಯ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು. ತಿಂಡಿಯನ್ನು ಯಾರು ಎಲ್ಲಿ ಬೇಕಾದರೂ ಮಾಡಬಹುದು. ಅದನ್ನು ತಿನ್ನುವ ಜಾಗವನ್ನು, ಬಳಕೆಯನ್ನು ಹೊತ್ತೊಯ್ಯಲಾಗದು. ಮದ್ದೂರಿನ ಆಸ್ತಿಯೂ ಅದೇ.

2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಹೋಗುವವರು ಈಗ ಪೇಟೆಗೆ ಇಳಿಯಬೇಕಿಲ್ಲ. ರಸ್ತೆ ಇರುವುದು ಬೇಗ ತಲುಪಲು, ವಡೆ ಮಾರಲು ಅಲ್ಲ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಆಸ್ಪತ್ರೆಗೆ ಓಡುವವರಿಗೆ ಒಂದೊಂದು ನಿಮಿಷವೂ ಮುಖ್ಯ. ಆದರೆ ವೇಗ ಬೇಕೆಂದರೆ ಊರುಗಳು ಕಣ್ಮರೆಯಾಗಲೇಬೇಕು ಎಂದೇನಿಲ್ಲ. ಮುಂಚಿತವಾಗಿಯೇ ಕಾಣುವ ಫಲಕ, ಸುಲಭವಾಗಿ ಇಳಿದು ಮತ್ತೆ ಹತ್ತುವ ದಾರಿ, ವಾಹನ ನಿಲ್ಲಿಸಲು ಜಾಗ ಇದ್ದರೆ ಮನಸ್ಸುಳ್ಳವರು ತಿರುಗುತ್ತಾರೆ. ಪಕ್ಕದ ಶಿವಪುರಕ್ಕೂ ಇದರಿಂದ ಒಳಿತು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು, ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜಾರೋಹಣದ ನಿಷೇಧ ಮುರಿದು ಕಾಂಗ್ರೆಸ್ ಧ್ವಜ ಏರಿದ್ದು ಅಲ್ಲೇ. ಅದರ ನೆನಪಿನ ಸತ್ಯಾಗ್ರಹ ಸೌಧವೂ, ವಡೆಯ ಹೋಟೆಲುಗಳೂ ದಾರಿಹೋಕರನ್ನೇ ನೆಚ್ಚಿಕೊಂಡಿವೆ. ಒಮ್ಮೆ ಇಳಿದವರು ಎರಡನ್ನೂ ನೋಡಿ ಹೋಗುವಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಹೆದ್ದಾರಿಯವರು, ಸ್ಥಳೀಯ ಆಡಳಿತದವರು, ಹೋಟೆಲಿನವರು ಒಟ್ಟಿಗೆ ಕೂತು ಮಾತಾಡಿದರೆ ಆಗುವಂಥದ್ದು.