ಅಂಕಣವೋ, ಅಂಗಣವೋ?

ಚಳ್ಳಕೆರೆಯಲ್ಲಿ ನಮ್ಮ ಬಂಧುಗಳೊಬ್ಬರು ಹಳೆಯ ಮನೆಯ ಹಿಂಭಾಗವನ್ನು ಕೆಡವಿ ಹೊಸದಾಗಿ ಕಟ್ಟಿಸತೊಡಗಿದಾಗ, ವೃದ್ಧೆಯಾದ ಅತ್ತೆಯವರಿಗೆ ಅಲ್ಲಿ ಮಲಗುವ ಮನೆಯೊಂದು ಪ್ರತ್ಯೇಕವಾಗಿ ಆಗಬೇಕೆಂದು ನಿಶ್ಚಯವಾಗಿದ್ದಿತು. ಮೇಸ್ತ್ರಿಯು ಸೊಸೆಯನ್ನು ಕುರಿತು, “ಅಮ್ಮಾ, ಅಜ್ಜಿಯವರಿಗೆ ಎರಡು ಅಂಕಣ ಬಿಟ್ಟರೆ ಸಾಕೇ?” ಎಂದು ಕೇಳಿದನು. ಪಟ್ಟಣದಲ್ಲಿ ಓದಿ ಬಂದ ಆಕೆಗೆ ಅಂಕಣವೆಂದರೆ ಪತ್ರಿಕೆಯಲ್ಲಿರತಕ್ಕದ್ದೆಂದು ಮಾತ್ರವೇ ಗೊತ್ತು. ಆತನ ಉಚ್ಚಾರವನ್ನು ತಿದ್ದುವ ಸದುದ್ದೇಶದಿಂದ, “ಅಂಕಣವಲ್ಲಪ್ಪಾ, ಅಂಗಣವೆನ್ನಬೇಕು, ಎರಡು ಸಾಕು” ಎಂದಳು. ಮನೆಯೊಡತಿಯ ಅಪ್ಪಣೆಯಾಯಿತೆಂದು ಆತನು ಆ ಸ್ಥಳವನ್ನು ಬಯಲಾಗಿಯೇ ಬಿಟ್ಟು ಸುತ್ತಲೂ ಗೋಡೆಯೆಬ್ಬಿಸಿದನು. ಬೇರೂರಿನಲ್ಲಿದ್ದ ಮಗನು ಬಂದು ನೋಡುವಷ್ಟರಲ್ಲಿ ಕೈಯಲ್ಲಿದ್ದ ಹಣವೆಲ್ಲ ವೆಚ್ಚವಾಗಿದ್ದಿತು. ಅತ್ತೆಯವರು ಆ ವರ್ಷದ ಮಳೆಗಾಲ ಚಳಿಗಾಲಗಳೆರಡನ್ನೂ ಪಡಸಾಲೆಯ ಮೂಲೆಯಲ್ಲಿಯೇ ಕಳೆದರು.

ಇದರಲ್ಲಿ ತಪ್ಪು ಮೇಸ್ತ್ರಿಯದಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಕಂಬಕ್ಕೂ ಕಂಬಕ್ಕೂ ನಡುವಣ ಅವಕಾಶವೇ ಅಂಕಣ. ಅಂಗಣವಾದರೋ ಮೇಲೆ ಸೂರಿಲ್ಲದ ಅಂಗಳ. ಎಂಟಂಕಣದ ಮನೆ, ಹನ್ನೆರಡಂಕಣದ ಮನೆ ಎಂದೊಡನೆ, ಎಷ್ಟು ಕಂಬ, ಎಷ್ಟು ತೊಲೆ, ಎಷ್ಟು ಜಂತೆ ಬೇಕೆಂಬುದು ಬಡಗಿಗೆ ಹೊಳೆಯುವುದು. ಒಂದಕ್ಷರದ ವ್ಯತ್ಯಾಸದಿಂದ ಮಾಡೇ ಹಾರಿಹೋಗುವುದೆಂದರೆ ಅದು ಸಾಮಾನ್ಯವಾದ ಅಕ್ಷರವೇ?

ಮಾಳಿಗೆಯೆಂಬ ಶಬ್ದದಲ್ಲಿಯೂ ಇಂತಹ ತೊಡಕುಂಟು. ಅನೇಕರು ಅದನ್ನು ಮೇಲಂತಸ್ತೆಂದು ತಿಳಿಯುವರು. ಆದರೆ ಮಳೆ ಬಹು ಕಡಮೆಯಾದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಲ್ಲಿ ಜಂತೆಗಳ ಮೇಲೆ ಮಣ್ಣು ಹೊದಿಸಿ ಸಮತಟ್ಟಾಗಿ ಮಾಡಿದ ಸೂರೇ ಮಾಳಿಗೆ. ನೀರು ಇಳಿಯದಂತೆ ಅದರ ಮೇಲೆ ಕರಲು ಮಣ್ಣನ್ನು ಹರಡುವರು. ಗವಾಕ್ಷಿಯೂ ಹಾಗೆಯೇ. ಸಂಸ್ಕೃತದ ಗವಾಕ್ಷವು ಗೋಡೆಯ ಕಿಟಕಿ. ಇಲ್ಲಿಯ ಗವಾಕ್ಷಿಯು ಮಾಳಿಗೆಯಲ್ಲಿ ಬೆಳಕಿಗಾಗಿ ಬಿಟ್ಟ ಕಿಂಡಿ, ಮಳೆ ಬಂದರೆ ಓಡಿಹೋಗಿ ಮುಚ್ಚಬೇಕಾದದ್ದು. ನಿಘಂಟನ್ನು ಹಿಡಿದು ಇದನ್ನು ಅಪಪ್ರಯೋಗವೆಂದು ತಳ್ಳುವುದು ನನಗಂತೂ ಸಮ್ಮತವಲ್ಲ.

ಇನ್ನು ‘ಮನೆ’ಯೆಂಬ ಮಾತು. ಅಡಿಗೆಮನೆ, ನಡುಮನೆ, ದೇವರಮನೆ, ಬಚ್ಚಲುಮನೆ ಇವುಗಳಲ್ಲೆಲ್ಲ ಮನೆಯೆಂದರೆ ಕೋಣೆಯೇ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರನು ಕಾಲಿಳಿಬಿಟ್ಟು ಕುಳಿತುಕೊಳ್ಳಲು ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದ ಕಡೆಯೂ ಮಗ್ಗದ ಮನೆಯೇ. ಇಷ್ಟು ಸೊಗಸಾದ ಮಾತಿರುವಾಗ ಎಲ್ಲವನ್ನೂ ರೂಮೆನ್ನುವುದೇಕೋ ತಿಳಿಯದು.

ಪರಭಾಷೆಯ ಮಾತುಗಳೇ ಬೇಡವೆಂದು ನನ್ನ ಹಟವಲ್ಲ. ಕುರ್ಚಿಯು ಅರಬ್ಬಿಯಿಂದ, ಪರದೆಯು ಪಾರಸಿಯಿಂದ, ಅಲಮಾರು ಪೋರ್ತುಗೀಸಿನಿಂದ ಬಂದುವು. ಬಂದು ನಮ್ಮ ಬಾಯಿಗೆ ತಕ್ಕಂತೆ ಪಳಗಿದುವು. ಸೋಫವೂ ಮೂಲದಲ್ಲಿ ಅರಬ್ಬಿಯದೇ. ಬಡಗಿಯು ಅದನ್ನು ‘ಸೋಪ’ವೆಂದರೆ ನಗುವ ಸೋದರಿಯರು ತಾವು ದಿನವೂ ನುಡಿಯುವ ‘ಬೀರು’ವಿನ ಪೂರ್ವಾಶ್ರಮವನ್ನು ಸ್ವಲ್ಪ ವಿಚಾರಿಸಲಿ.

ಆದರೆ ವಸ್ತುವೇ ಬೇರೆಯಾಗುವಲ್ಲಿ ಎಚ್ಚರವು ಅವಶ್ಯ. ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿಯನ್ನು ‘ಕಂಬಳ’ವೆಂದು ಬರೆದುದನ್ನು ನಾನು ಕಂಡಿದ್ದೇನೆ, ಕನ್ನಡದಲ್ಲಿ ಕಂಬಳವೆಂದರೆ ಕರಾವಳಿಯ ಕೋಣಗಳ ಓಟ! ಅದನ್ನು ರತ್ನಗಂಬಳಿಯೆನ್ನುವುದೂ ಸಲ್ಲದು. ಗಂಟುಹಾಕಿ ಮೇಲೆ ನವಿರು ನಿಲ್ಲಿಸಿದುದು ರತ್ನಗಂಬಳಿ. ಹತ್ತಿಯ ನೂಲಿನದು ಜಮಖಾನ. ಹುಣಸೆಬೀಜದ ಸರಿಯನ್ನು ಹಾಸಿಗೆ ಸವರಿ ನೆಯ್ದುದು ಕಂಬಳಿ. ಆ ಸರಿಯಿಂದಲೇ ಹೊಸ ಕಂಬಳಿ ಬಿರುಸಾಗಿರುವುದು. ಮ್ಯಾಸಬೇಡರು ದೇವರ ಕಾರ್ಯದಲ್ಲಿ ಗದ್ದಿಗೆಗೆ ಹಾಸುವುದು ಈ ಕರಿಯ ಕಂಬಳಿಯನ್ನೇ ಹೊರತು ಬೆಲೆಬಾಳುವ ರತ್ನಗಂಬಳಿಯನ್ನಲ್ಲ.

ನಮ್ಮ ಬಂಧುಗಳ ಬಯಲಿಗೆ ಮರುವರ್ಷ ಸೂರಾಯಿತು. ಈ ಸಲ ಸೊಸೆಯು ಮೇಸ್ತ್ರಿಯಿಂದಲೇ ಒಂದೊಂದು ಭಾಗದ ಹೆಸರನ್ನೂ ಹೇಳಿಸಿ, ಕಾಗದದಲ್ಲಿ ಬರೆದುಕೊಂಡು, ಅತ್ತೆಯವರಿಗೆ ಓದಿ ತೋರಿಸಿದ ತರುವಾಯವೇ ಕೆಲಸವನ್ನಾರಂಭಿಸಲು ಹೇಳಿದಳು.