ಖಳರ ಗೊಂಬೆಗಳು: ತೊಗಲಿನ ರಾವಣ, ಮುಖವಾಡದ ಜೇಸನ್

ಮುಖವಾಡ ಧರಿಸಿದ ಕೊಲೆಗಾರನೊಬ್ಬ ಒಬ್ಬರಾದ ಮೇಲೊಬ್ಬರನ್ನು ಬೇಟೆಯಾಡುತ್ತ ಹೋಗುವ ಭಯಾನಕ ಚಲನಚಿತ್ರಗಳಿಗೆ ಪಶ್ಚಿಮದಲ್ಲಿ ‘ಸ್ಲಾಷರ್’ ಚಿತ್ರಗಳೆಂಬ ಹೆಸರಿದ್ದು, ಆ ಖಳರ ಪುಟ್ಟ ಪ್ರತಿಕೃತಿಗಳನ್ನು ಕೂಡಿಡುವುದು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ವಯಸ್ಕರ ಗಂಭೀರ ಹವ್ಯಾಸವಾಗಿ ಬೆಳೆದಿದೆ. ಕೈಕಾಲುಗಳ ಕೀಲುಗಳನ್ನು ತಿರುಗಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದಾದ ಇಂಥ ಗೊಂಬೆಗೆ ‘ಆಕ್ಷನ್ ಫಿಗರ್’ ಎನ್ನುತ್ತಾರೆ. ಅಮೆರಿಕದ ಹ್ಯಾಸ್‌ಬ್ರೊ ಕಂಪನಿ 1964ರಲ್ಲಿ ‘ಜಿ.ಐ. ಜೋ’ ಎಂಬ ಸೈನಿಕನ ಗೊಂಬೆಯನ್ನು ಮಾರುಕಟ್ಟೆಗೆ ತಂದಾಗ, ಗಂಡುಮಕ್ಕಳು ‘ಗೊಂಬೆ’ ಎಂಬ ಮಾತಿಗೆ ಹಿಂಜರಿದಾರೆಂದು ರೂಢಿಗೆ ತಂದ ಹೆಸರಿದು. ಶೂರ ಸೈನಿಕನಿಗಾಗಿ ಹುಟ್ಟಿದ ಈ ಮಾತು ಮೂರು ದಶಕಗಳಲ್ಲಿ ಖಳನ ಪಾಲಾಯಿತು. 1974ರಲ್ಲಿ ಮನುಷ್ಯರ ಚರ್ಮವನ್ನೇ ಮುಖಕ್ಕೆ ಹೊದ್ದ ಲೆದರ್‌ಫೇಸ್, 1978ರಲ್ಲಿ ಬಿಳಿಯ ನಿರ್ಭಾವ ಮುಖದ ಮೈಕೆಲ್ ಮೈಯರ್ಸ್, 1984ರಲ್ಲಿ ಬೆರಳಿಗೆ ಅಲಗು ಕಟ್ಟಿದ ಫ್ರೆಡ್ಡಿ ಕ್ರೂಗರ್ ತೆರೆಗೆ ಬಂದರು. ಜೇಸನ್ ವೂರ್ಹೀಸ್‌ಗೆ ಈಗ ಅವನ ಗುರುತೇ ಆಗಿರುವ ಹಾಕಿ ಆಟದ ಮುಖಕವಚ ದೊರೆತದ್ದು 1982ರಲ್ಲಿ ಬಂದ ಅವನ ಸರಣಿಯ ಮೂರನೆಯ ಚಿತ್ರದಲ್ಲಿ. ಮ್ಯಾಚ್‌ಬಾಕ್ಸ್ ಕಂಪನಿ 1989ರಲ್ಲಿ ಹೊರತಂದ 18 ಅಂಗುಲದ ಮಾತಾಡುವ ಫ್ರೆಡ್ಡಿಯನ್ನು ಮಕ್ಕಳ ಹಿತ ಬಯಸುವವರ ಪ್ರತಿಭಟನೆಯಿಂದಾಗಿ ಅಂಗಡಿಗಳಿಂದ ಹಿಂತೆಗೆಯಬೇಕಾಯಿತಾದರೂ, 1998ರಲ್ಲಿ ಕಾಮಿಕ್ಸ್ ಕಲಾವಿದ ಟಾಡ್ ಮ್ಯಾಕ್‌ಫಾರ್ಲೇನ್ ಅವರ ಕಂಪನಿ ‘ಮೂವಿ ಮೇನಿಯಾಕ್ಸ್’ ಎಂಬ ಮಾಲಿಕೆಯನ್ನು ನೇರವಾಗಿ ವಯಸ್ಕ ಸಂಗ್ರಾಹಕರಿಗಾಗಿಯೇ ತಂದ ಮೇಲೆ ಈ ಹವ್ಯಾಸಕ್ಕೆ ತನ್ನದೇ ಪೇಟೆ ಹುಟ್ಟಿತು.

ಮಲೆನಾಡಿನ ಓದುಗರಿಗೆ ಇದು ದೂರದ ಸಂಗತಿಯೆನಿಸಬಹುದು. ಆದರೆ ಭಯಂಕರನಾದ ಖಳನಿಗೆ ಮುಖ, ಬಣ್ಣ, ಆಯುಧ, ಅಬ್ಬರಗಳನ್ನು ಕೊಟ್ಟು ಅವನನ್ನು ಕಣ್ತುಂಬ ನೋಡುವ ಬಯಕೆ ಮೂಡಿಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಗೋಣಿಬೀಡಿನ ಆಸುಪಾಸಿನಲ್ಲಿ ಹೊಸದೇನೂ ಅಲ್ಲ. ಇಲ್ಲಿಂದ ಬಹು ದೂರವಿಲ್ಲದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಗೋಡೆಗಳ ಮೇಲೆ ಗಜಾಸುರನೂ ಕೈಲಾಸವನ್ನೆತ್ತುವ ರಾವಣನೂ ಇದ್ದಾರೆ. ಕಲ್ಲಿನಲ್ಲಿ ಅಸುರನಿಗೆ ಸಿಗುವ ಜಾಗ ಬಹುಮಟ್ಟಿಗೆ ದೇವರ ಪಾದದ ಕೆಳಗಿನದು. ಅವನಿಗೆ ಸ್ವಂತ ಪ್ರವೇಶವನ್ನೂ ಸ್ವಂತ ಗಾತ್ರವನ್ನೂ ಕೊಟ್ಟದ್ದು ಬಯಲಾಟ ಮತ್ತು ಗೊಂಬೆಯಾಟ. ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ, ತುಳು ಪಂಚಾಂಗದಂತೆ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ನಡೆಯುವ ಯಕ್ಷಗಾನ ಮೇಳಗಳ ತಿರುಗಾಟವು ಕರಾವಳಿಗಷ್ಟೇ ಸೀಮಿತವಾಗದೆ ಘಟ್ಟ ಹತ್ತಿ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗಳನ್ನೂ ಮುಟ್ಟುತ್ತ ಬಂದಿರುವುದರಿಂದ, ಕಾಫಿ ತೋಟಗಳ ನಡುವಿನ ಊರುಗಳಿಗೂ ರಾಕ್ಷಸನ ಆರ್ಭಟ ಪರಿಚಿತವೇ.

ತೆಂಕುತಿಟ್ಟು ಎಂದರೆ ಯಕ್ಷಗಾನದ ದಕ್ಷಿಣದ ಶೈಲಿ. ಅದರಲ್ಲಿ ರಾಕ್ಷಸ ಪಾತ್ರವನ್ನು ‘ಬಣ್ಣದ ವೇಷ’ ಎಂದೇ ಕರೆಯುವುದರ ಹಿಂದೆ ಗೌರವವಿದೆ, ಏಕೆಂದರೆ ಬಣ್ಣ ಎಲ್ಲ ವೇಷಗಳಿಗೂ ಉಂಟು, ಹೆಸರು ಮಾತ್ರ ಖಳನಿಗೆ ಸಂದಿದೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಕಲಾವಿದ ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿದ ಹದವಾದ ಮಿಶ್ರಣವನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಮುಳ್ಳುಮುಳ್ಳಾಗಿ, ಸಾಲುಸಾಲಾಗಿ ಇಡುತ್ತ ಹೋಗುತ್ತಾನೆ. ‘ಚಿಟ್ಟಿ’ ಎಂಬ ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ ಮತ್ತು ಒಂದು ಸಾಲು ಒಣಗುವ ಮುನ್ನ ಮುಖ ಅಲುಗಿದರೆ ಅದುವರೆಗಿನ ಶ್ರಮ ಹಾಳು. ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ, ಕಪ್ಪಿಗೆ ಕಾಡಿಗೆ ಎಂಬುದು ಹಳೆಯ ಕ್ರಮ. ಮೂಗಿನ ತುದಿಗೆ ಹತ್ತಿಯ ಉಂಡೆ, ಬಾಯಿಗೆ ದಾಡೆ, ತಲೆಯ ಹಿಂದೆ ಸೂರ್ಯಮಂಡಲದಂತೆ ಹರಡುವ ಕೇಸರಿತಟ್ಟಿ ಎಂಬ ಕಿರೀಟ ಸೇರಿದ ಮೇಲೆ ಮನುಷ್ಯನ ಮುಖದ ಗುರುತು ಉಳಿಯುವುದಿಲ್ಲ. ರಾವಣನಂಥ ಅರಸು ರಾಕ್ಷಸರಿಗೆ ರಾಜಬಣ್ಣ, ಕಾಡಿನ ಒರಟು ಅಸುರರಿಗೆ ಕಾಟುಬಣ್ಣ, ಶೂರ್ಪನಖಿ, ಅಜಮುಖಿಯರಂಥ ರಕ್ಕಸಿಯರಿಗೆ ಹೆಣ್ಣುಬಣ್ಣ ಎಂದು ಒಳಭೇದಗಳಿವೆ. ಕೆಲವು ಪ್ರಸಂಗಗಳಲ್ಲಿ ಈ ವೇಷ ರಂಗಸ್ಥಳದ ಹಿಂದಿನಿಂದ ಬಾರದೆ, ಉರಿಯುವ ದೊಂದಿಗೆ ರಾಳದ ಪುಡಿ ಎರಚಿ ಎಬ್ಬಿಸಿದ ಬೆಂಕಿಯ ನಡುವೆ, ಚೆಂಡೆಯ ಅಬ್ಬರದೊಂದಿಗೆ ಪ್ರೇಕ್ಷಕರ ಮಧ್ಯದಿಂದಲೇ ನುಗ್ಗಿ ಬರುತ್ತದೆ. ಭಯವನ್ನು ಇಷ್ಟು ಶಾಸ್ತ್ರೀಯವಾಗಿ, ಇಷ್ಟು ಸಹನೆಯಿಂದ ಕಟ್ಟಿದ ಇನ್ನೊಂದು ಪರಂಪರೆಯನ್ನು ಹುಡುಕುವುದು ಕಷ್ಟ; ಹ್ಯಾಲೋವೀನ್ ಚಿತ್ರದ ಮೈಕೆಲ್ ಮೈಯರ್ಸ್‌ನ ಮುಖವಾಡವಾದರೋ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಮಾಡಿದ್ದಾಗಿತ್ತು.

ಈ ಖಳರೇ ಗೊಂಬೆಗಳಾದ ಪರಂಪರೆ ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ಬಗೆಯದು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ಉಳಿಸಿಕೊಂಡು ಬಂದಿರುವ ಸೂತ್ರದ ಗೊಂಬೆಯಾಟದಲ್ಲಿ, ದಾರ ಕಟ್ಟಿ ಮೇಲಿನಿಂದ ಕುಣಿಸುವ ಮೊಳದೆತ್ತರದ ಮರದ ಗೊಂಬೆಗಳು ಯಕ್ಷಗಾನದ ವೇಷಭೂಷಣವನ್ನೇ ತೊಡುತ್ತವೆ. ಗಡಿಯಾಚೆಯ ಕಾಸರಗೋಡಿನಲ್ಲಿ 1981ರಲ್ಲಿ ಆರಂಭವಾದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆ ಸಂಘವು ತೆಂಕುತಿಟ್ಟಿನ ಕ್ರಮದಲ್ಲಿ ಇದೇ ಕೆಲಸವನ್ನು ನಡೆಸಿದೆ. ಎರಡನೆಯದು ತೊಗಲುಗೊಂಬೆ. ಮೇಕೆಯ ಚರ್ಮವನ್ನು ಹದಮಾಡಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿ ಬೆಳಕು ತೂರುವಷ್ಟು ತೆಳುವಾಗಿಸಿದ ಮೇಲೆ, ಅದರ ಮೇಲೆ ರೂಪವನ್ನು ಬರೆದು, ಉಳಿಯಿಂದ ಸಣ್ಣ ರಂಧ್ರಗಳನ್ನು ಕೊರೆದು, ಎರಡೂ ಬದಿಗೆ ಬಣ್ಣ ತುಂಬಿ, ಸೀಳಿದ ಬಿದಿರ ಕಡ್ಡಿಗೆ ಸಿಕ್ಕಿಸುತ್ತಾರೆ. ಬಿಳಿ ಪರದೆಯ ಹಿಂದೆ ದೀಪವಿಟ್ಟಾಗ ರಂಧ್ರಗಳೇ ಒಡವೆಗಳಾಗಿ ಮಿನುಗುತ್ತವೆ. ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತರೆಂಬ ಸಮುದಾಯದವರು ಊರಿಂದೂರಿಗೆ ಒಯ್ದ ಈ ಕಲೆಯಲ್ಲಿ ಗೊಂಬೆಯ ಗಾತ್ರ ಪಾತ್ರದ ಅಂತಸ್ತನ್ನು ಅನುಸರಿಸುವುದರಿಂದ, ಸೇವಕರು ಪುಟ್ಟವರಾಗಿಯೂ ಲಂಕೆಯ ಅರಸನಾದ ರಾವಣ ಬೃಹತ್ತಾಗಿಯೂ ನಿಲ್ಲುತ್ತಾರೆ. ದೇವರ ರೂಪಕ್ಕೆ ಧ್ಯಾನಶ್ಲೋಕದ ಕಟ್ಟುಪಾಡುಂಟು. ಹತ್ತು ತಲೆಗಳನ್ನು ಒಂದೇ ತೊಗಲಿನಲ್ಲಿ ಹೇಗೆ ಜೋಡಿಸಬೇಕೆಂಬುದನ್ನು ಮಾತ್ರ ಪ್ರತಿಯೊಬ್ಬ ಕುಶಲಿಯೂ ತಾನೇ ಕಂಡುಕೊಳ್ಳಬೇಕು. ಹಾಗಾಗಿಯೇ ಯಾವುದೇ ತೊಗಲುಗೊಂಬೆ ಸಂಗ್ರಹದಲ್ಲಿ ಮೊದಲು ನೋಡಬೇಕಾದದ್ದು ರಾವಣನನ್ನು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಬಹಳ ತಡವಾಗಿ ಬಂದ, ಆದರೂ ನ್ಯಾಯವಾದ ಮನ್ನಣೆ.

ಆಟ ನಿಂತ ಕುಟುಂಬಗಳ ಪೆಟ್ಟಿಗೆಗಳಲ್ಲಿ ಉಳಿದ ಗೊಂಬೆಗಳು ಹುಳು ಹಿಡಿದು ಹೋಗದಂತೆ ಕೂಡಿಟ್ಟ ಶ್ರೇಯಸ್ಸು ಕೆಲವೇ ಜನರದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ತೊಗಲುಗೊಂಬೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಸ್ಥಾಪನೆಯಾಗಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ನೆಲೆಗೊಂಡಿತು. ಅದಕ್ಕಾಗಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮತ್ತು ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ದುಡಿದ ಪರಿ ಸ್ಮರಣೀಯ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದ ಜಾನಪದ ಲೋಕವೂ ಇದೇ ಸಾಲಿಗೆ ಸೇರುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ತುಳುನಾಡಿನ ದೈವಾರಾಧನೆಯ ಪಂಜುರ್ಲಿ ಮೊದಲಾದ ಲೋಹದ ಮೊಗಗಳು ಉಗ್ರವಾಗಿ ಕಾಣುತ್ತವೆಂಬ ಒಂದೇ ಕಾರಣಕ್ಕೆ ಅವುಗಳನ್ನು ರಾಕ್ಷಸ ಮುಖವಾಡಗಳೊಂದಿಗೆ ಸೇರಿಸುವುದು ತಪ್ಪು. ಅವು ನಂಬಿದವರ ಪಾಲಿಗೆ ಕಾಯುವ ದೈವಗಳು, ಅಲಂಕಾರದ ವಸ್ತುಗಳಾಗಿ ಮಾರಾಟಕ್ಕಿಡಬೇಕಾದವಲ್ಲ. ಹಾಗೆಯೇ ಹಳೆಯ ತೊಗಲುಗೊಂಬೆಗಳಲ್ಲಿ ಜಿಂಕೆಯ ಚರ್ಮದವೂ ಇರುವುದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಮರೆತು ಕೊಳ್ಳುವಂತಿಲ್ಲ.

ಯಕ್ಷಗಾನದ ಖಳನಿಗೂ ಸ್ಲಾಷರ್ ಖಳನಿಗೂ ಇರುವ ದೊಡ್ಡ ಅಂತರ ಕಥೆಯ ಕೊನೆಯಲ್ಲಿದೆ. ರಾತ್ರಿಯಿಡೀ ಮೆರೆದ ಮಹಿಷಾಸುರನೋ ರಾವಣನೋ ಬೆಳಗಾಗುವಷ್ಟರಲ್ಲಿ ವಧೆಯಾಗಲೇಬೇಕು, ವಧೆಯಿಲ್ಲದೆ ಮಂಗಳವಿಲ್ಲ. ಜೇಸನ್ ಮತ್ತು ಮೈಕೆಲ್ ಸತ್ತಂತೆ ಕಂಡರೂ ಮುಂದಿನ ಚಿತ್ರದಲ್ಲಿ ಎದ್ದು ಬರುತ್ತಾರೆ, ಪ್ರತಿ ಚಿತ್ರಕ್ಕೂ ಹರಿದ ಅಂಗಿ, ಒಡೆದ ಮುಖವಾಡ ಎಂಬಂಥ ಸಣ್ಣ ವ್ಯತ್ಯಾಸಗಳೊಂದಿಗೆ ಹೊಸ ಗೊಂಬೆ ಹುಟ್ಟುತ್ತದೆ, ಸಂಗ್ರಾಹಕನ ಕಪಾಟು ಎಂದಿಗೂ ತುಂಬುವುದಿಲ್ಲ. ಆದರೆ ಆ ಸಂಗ್ರಾಹಕರಿಂದ ಕನ್ನಡಿಗರು ಕಲಿಯಬೇಕಾದ ಒಂದು ಶಿಸ್ತಿದೆ: ಗೊಂಬೆ ಯಾವ ವರ್ಷದ್ದು, ಯಾವ ಚಿತ್ರದ ಯಾವ ರೂಪದ್ದು, ಯಾರು ಕೆತ್ತಿದ್ದು ಎಂಬ ವಿವರವಿಲ್ಲದೆ ಅವರು ಒಂದನ್ನೂ ಕಪಾಟಿಗೇರಿಸುವುದಿಲ್ಲ. ಎಷ್ಟೋ ತೊಗಲುಗೊಂಬೆಗಳು ಮಾತ್ರ ತಮ್ಮನ್ನು ಕೊರೆದ ಕೈಯ ಹೆಸರನ್ನೂ ಆಡಿದ ಪ್ರಸಂಗದ ಹೆಸರನ್ನೂ ಕಳೆದುಕೊಂಡು ಬರಿಯ ‘ರಾಕ್ಷಸ’ ಎಂಬ ಚೀಟಿಯಡಿ ನಿಂತಿವೆ. ಮನೆಯ ಅಟ್ಟದಲ್ಲಿ ಹಳೆಯ ಗೊಂಬೆಯನ್ನೋ ವೇಷದ ಕಿರೀಟವನ್ನೋ ಇಟ್ಟುಕೊಂಡ ಕುಟುಂಬಗಳು ಅದು ಯಾರದು, ಯಾವ ಮೇಳದ್ದು, ಯಾವ ಪಾತ್ರದ್ದು ಎಂಬುದನ್ನು ಬಲ್ಲ ಹಿರಿಯರಿರುವಾಗಲೇ ಕೇಳಿ ಬರೆದು, ಆ ಕಾಗದವನ್ನು ವಸ್ತುವಿನ ಜೊತೆಯಲ್ಲೇ ಇಡಬೇಕು.