ಮೀನಿಗೊಂದು ಹಿತ್ತಲು

ಮುಗದ ಕೆರೆಯ ಅಂಚಿಗೆ ಜೊಂಡು ಬೆಳೆದ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ನಡುನೀರಿನಲ್ಲಿ ಕಾಣದ ಮೀನುಮರಿಗಳು ಅಲ್ಲಿ ಗುಂಪುಗುಂಪಾಗಿರುತ್ತವೆ. ದೊಡ್ಡ ಮೀನಿಗೆ ಜೊಂಡಿನೊಳಗೆ ನುಗ್ಗಲು ಬರುವುದಿಲ್ಲ. ಕುಮಟಾ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರಿನ ನಡುವೆ ಸಿಗಡಿ ಮರಿಗಳು ಬೆಳೆಯುವುದೂ ಹೀಗೆಯೇ.

ಮನೆಯೊಳಗಿನ ಉಪ್ಪುನೀರಿನ ತೊಟ್ಟಿಗೂ ಇಂಥ ಒಂದು ಮರೆಯ ಜಾಗ ಬೇಕು. ಅದರ ಹೆಸರು ರೆಫ್ಯೂಜಿಯಂ, ಆಸರೆಯ ತಾಣ. ನನಗೆ ಇದು ಗೊತ್ತಾದದ್ದು ಒಂದು ಮೀನು ಸತ್ತ ಮೇಲೆ.

ಸಮುದ್ರ ನಮ್ಮೂರಿನಿಂದ ನೂರು ಕಿಲೋಮೀಟರಿಗೂ ಆಚೆ. ಆದರೂ ಮೊಮ್ಮಗಳ ಹಟಕ್ಕೆ 200 ಲೀಟರಿನ ತೊಟ್ಟಿ ಇಟ್ಟೆವು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ 7 ಕಿಲೋ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಕೂಡ ಇರುತ್ತವೆ, ಆದ್ದರಿಂದ ಅಕ್ವೇರಿಯಂ ಉಪ್ಪನ್ನೇ ತರಬೇಕು. ಎರಡು ಕ್ಲೌನ್ ಮೀನು ಚೆನ್ನಾಗಿದ್ದವು. ಆಮೇಲೆ ನೀಲಿ, ಕೇಸರಿ ಗೆರೆಗಳ ಮ್ಯಾಂಡರಿನ್ ಮೀನೊಂದನ್ನು ತಂದೆವು. ಅಂಗಡಿಯವರು ಎಲ್ಲ ತಿಂಡಿ ತಿನ್ನುತ್ತದೆ ಎಂದಿದ್ದರು.

"ಅಜ್ಜಾ, ಇದು ಏನೂ ತಿನ್ನವಲ್ದು," ಎಂದಳು ಮೊಮ್ಮಗಳು. "ಹೊಸಾ ಜಾಗ ಐತಿ ತಂಗಿ, ರೂಢಿ ಆಗ್ಲಿ," ಎಂದೆ. ಮೂರು ವಾರಕ್ಕೆ ಅದರ ಹೊಟ್ಟೆ ಬೆನ್ನಿಗಂಟಿತು. ಐದನೆಯ ವಾರ ಸತ್ತಿತು. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಆಮೇಲೆ ಓದಿ ತಿಳಿದೆ: ಮ್ಯಾಂಡರಿನ್ ಹೆಚ್ಚಾಗಿ ಜೀವಂತ ಹುಳುಗಳನ್ನೇ ಹೆಕ್ಕಿ ತಿನ್ನುತ್ತದೆ. ಕೋಪೆಪಾಡ್ ಎಂಬ ರವೆಯಷ್ಟು ಸಣ್ಣ ಜೀವಿಗಳು ಅದರ ಮುಖ್ಯ ಆಹಾರ. ತೊಟ್ಟಿಯಲ್ಲಿದ್ದ ನಾಲ್ಕನ್ನು ತಿಂದು ಮುಗಿಸಿದರೆ ಮತ್ತೆ ಹುಟ್ಟಲು ಉಳಿದಿರುವುದಿಲ್ಲ. ಬಡ್ಡಿ ಬಿಟ್ಟು ಅಸಲಿಗೇ ಕೈಹಾಕಿದಂತೆ.

ಆಗ 40 ಲೀಟರಿನ ಇನ್ನೊಂದು ಗಾಜಿನ ತೊಟ್ಟಿ ತಂದು, ದೊಡ್ಡದರ ಪಕ್ಕ ಒಂದು ಗೇಣು ಎತ್ತರಕ್ಕೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟೆ. ಸಣ್ಣ ಪಂಪು ದೊಡ್ಡ ತೊಟ್ಟಿಯ ನೀರನ್ನು ನಿಧಾನವಾಗಿ ಮೇಲಕ್ಕೆ ಒಯ್ಯುತ್ತದೆ. ಮೇಲಂಚಿನ ತೂತಿನ ಪೈಪಿನಿಂದ ಅದು ತಾನಾಗಿ ಕೆಳಗಿಳಿಯುತ್ತದೆ. ಕೋಪೆಪಾಡ್‌ಗಳು ಪಂಪಿಗೆ ಸಿಗದೆ ಜೀವಂತ ಇಳಿಯಲಿ ಎಂದು ಈ ಏರ್ಪಾಡು. ಮೇಲಿನ ತೊಟ್ಟಿಗೆ ಮೀನು ಬಿಡಬಾರದು.

ಪರಿಚಯದವರ ಹಳೆಯ ತೊಟ್ಟಿಯಿಂದ ಒಂದು ಹಿಡಿ ಚೀಟೋಮಾರ್ಫಾ ಪಾಚಿ ತಂದು ಬಿಟ್ಟೆ. ಪಾತ್ರೆ ತಿಕ್ಕುವ ನಾರಿನ ಹಾಗೆ ಕಾಣುತ್ತದೆ. ಕೋಪೆಪಾಡ್‌ಗಳು ಅದರೊಳಗೇ ಬಂದವು. ಈ ಪಾಚಿಯಿಂದ ಇನ್ನೊಂದು ಲಾಭವಿದೆ. ಮೀನಿನ ಹೊಲಸು ಮೊದಲು ಅಮೋನಿಯಾ, ಆಮೇಲೆ ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಉಂಡು ಪಾಚಿ ಬೆಳೆಯುತ್ತದೆ. ಬೆಳೆದದ್ದನ್ನು ಕಿತ್ತು ಹೊರಗೆ ಹಾಕಿದಾಗಲೇ ಆ ಹೊಲಸು ತೊಟ್ಟಿ ಬಿಟ್ಟು ಹೋಗುವುದು. ಕೀಳದಿದ್ದರೆ ಕೊಳೆತು ಮತ್ತೆ ನೀರಿಗೇ.

ಕಿತ್ತದ್ದನ್ನು ಬಿಸಿಲಿಗೆ ಒಣಗಿಸಿ ಕಸಕ್ಕೆ ಹಾಕುತ್ತೇನೆ, ಹಳ್ಳಕ್ಕಾಗಲಿ ಚರಂಡಿಗಾಗಲಿ ಅಲ್ಲ. ಕಾಲರ್ಪಾ ಎಂಬ ಅಕ್ವೇರಿಯಂ ಪಾಚಿಯ ಒಂದು ತುಣುಕು 1984ರಲ್ಲಿ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಕಂಡಿತ್ತು. ಮುಂದೆ ಅದು ಫ್ರಾನ್ಸ್, ಇಟಲಿಯ ಕರಾವಳಿಗೂ ಹಬ್ಬಿತು. ಹವಳವನ್ನಂತೂ ಯಾರು ಮಾರಲು ಬಂದರೂ ಕೊಳ್ಳಬೇಡಿ. ನಮ್ಮ ಸಮುದ್ರದ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಪಾಚಿಗೆ ಸಾದಾ ಬಿಳಿ ಎಲ್‌ಇಡಿ ಬಲ್ಬು ಸಾಕು. ಅದನ್ನು ರಾತ್ರಿ ಹಚ್ಚಬೇಕು. ದೊಡ್ಡ ತೊಟ್ಟಿಯ ದೀಪ ಆರಿದ ಮೇಲೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಆಮ್ಲೀಯತೆ ಏರುತ್ತದೆ. ಬೆಳಕಿನಲ್ಲಿರುವ ಪಾಚಿ ಅದನ್ನು ಹೀರಿ ಏರುಪೇರು ತಗ್ಗಿಸುತ್ತದೆ.

ಮೊದಲ ರಾತ್ರಿಯೇ ಕರೆಂಟು ಹೋಯಿತು. ಪಂಪಿನ ಪೈಪಿನ ತುದಿಯನ್ನು ನಾನು ಮೇಲಿನ ನೀರಿನೊಳಗೆ ಮುಳುಗಿಸಿ ಬಿಟ್ಟಿದ್ದೆ. ಪಂಪು ನಿಂತದ್ದೇ ನೀರು ಅದೇ ಪೈಪಿನಿಂದ ಹಿಂದಕ್ಕೆ ಹರಿದು, ಕೆಳಗಿನ ತೊಟ್ಟಿ ಉಕ್ಕಿ, ನಡುಮನೆ ತುಂಬ ಉಪ್ಪುನೀರು! ಮನೆಯಾಕೆ ಅಂದದ್ದನ್ನು ಇಲ್ಲಿ ಬರೆಯಲಾರೆ. ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಪ್ಲಗ್ಗು ತೊಟ್ಟಿಗಿಂತ ಎತ್ತರದಲ್ಲಿರಲಿ. ಮಕ್ಕಳೇ, ಆ ಕೆಲಸ ದೊಡ್ಡವರಿಗೆ ಬಿಡಿ. ನೀರು ಆರಿ ಕಡಿಮೆಯಾದಾಗ ಸಿಹಿನೀರನ್ನೇ ಹಾಕಿ, ಉಪ್ಪು ಆರಿ ಹೋಗುವುದಿಲ್ಲ.

ಈಗ ನಾಲ್ಕು ತಿಂಗಳಾಯಿತು. ಊಟವಾದ ಮೇಲೆ ಮೊಮ್ಮಗಳು ಟಾರ್ಚು, ಭೂತಗನ್ನಡಿ ಹಿಡಿದು ದೊಡ್ಡ ತೊಟ್ಟಿಯ ಗಾಜಿನ ಮೇಲೆ ಕುಪ್ಪಳಿಸುವ ಬಿಳಿ ಚುಕ್ಕೆಗಳನ್ನು ಎಣಿಸುತ್ತಾಳೆ. ನನ್ನ ಹಳೆಯ ಡೈರಿಯಲ್ಲಿ ತಾರೀಖು ಹಾಕಿ ಬರೆದಿಡುತ್ತಾಳೆ. ಇನ್ನೊಂದು ಮ್ಯಾಂಡರಿನ್ ತರೋಣವೇ ಎಂದು ಮೊನ್ನೆ ನಾನೇ ಕೇಳಿದೆ.

"ಇನ್ನೂ ಎರಡು ತಿಂಗಳು ತಡಿ ಅಜ್ಜಾ," ಅಂದಳು.